ಉದ್ಘಾಟನೆಯ ವಿಡಿಯೊ ನೋಡಿದೆವು, ಉಳಿದ 15,000 ಚಿತ್ರ ಎಲ್ಲಿ?

ಮಾನ್ಯ ಸಂಪಾದಕರೇ,

ಲಕ್ಕುಂಡಿಯ ಉತ್ಖನನದ ಸುದ್ದಿ, ಅಲ್ಲಿ ಬರಲಿರುವ ಬಯಲು ವಸ್ತುಸಂಗ್ರಹಾಲಯದ ಸುದ್ದಿ ನಿಮ್ಮ ಗದಗ ಪುಟದಲ್ಲಿ ಮೇಲಿಂದ ಮೇಲೆ ಬರುತ್ತಿದೆ. 2024ರ ನವೆಂಬರಿನಲ್ಲಿ ಊರವರು ತಮ್ಮ ಮನೆ, ಹಿತ್ತಲು, ಕಟ್ಟೆಗಳಲ್ಲಿದ್ದ ಹಳೆಯ ಕಲ್ಲುಗಳನ್ನು ಎತ್ತಿಕೊಟ್ಟರೆಂದು ಓದಿದಾಗ ಈ ಜಿಲ್ಲೆಯವನಾಗಿ ನನಗೂ ಹೆಮ್ಮೆಯಾಯಿತು. ಎಲ್ಲ ಮುಗಿದ ಮೇಲೆ ಅದು ಹೇಗಿರಬೇಕು ಎಂಬುದನ್ನು ಬಲ್ಲವರು ಬರೆಯುತ್ತಿದ್ದಾರೆ. ಅದಕ್ಕೆ ನಾನು ಸೇರಿಸುವಂಥದ್ದು ಏನೂ ಇಲ್ಲ. ನಾನು ಕೇಳಬೇಕೆಂದಿರುವುದು ಕೆಲಸ ನಡೆಯುವ ದಿನಗಳ ಬಗ್ಗೆ. ಯಾವ ಕಲ್ಲು ಎಲ್ಲಿಂದ ಎದ್ದಿತು, ಎಲ್ಲಿ ಹೋಗಿ ನಿಂತಿತು, ನಡುವೆ ಎಷ್ಟು ದಿನ ಯಾವ ಮೂಲೆಯಲ್ಲಿ ಮಲಗಿತ್ತು ಎಂಬುದನ್ನು ನಾಳೆ ಯಾರಾದರೂ ಕೇಳಿದರೆ ತೋರಿಸುವುದಕ್ಕೆ ನಮ್ಮ ಹತ್ತಿರ ಏನಿರುತ್ತದೆ?

ಬೆಟಗೇರಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ರೀಲಿನ ಕಾಲದಿಂದ ಮದುವೆ, ಕುಬಸ, ಜಾವಳ, ನಿವೃತ್ತಿ ಸಮಾರಂಭಗಳೇ ನಮ್ಮ ಹೊಟ್ಟೆಪಾಡು. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಚಿಕ್ಕ ಸಂಗ್ರಹಾಲಯವನ್ನು ಅರ್ಧ ಕೆಡವಿ, ಅರ್ಧ ಉಳಿಸಿ ಹೊಸದಾಗಿ ಮಾಡುವಾಗ ಅದರ ಟೈಮ್‌ಲ್ಯಾಪ್ಸ್ ವಿಡಿಯೊ ಮಾಡಿಕೊಡುವ ಕೆಲಸ ನನಗೆ ಬಂತು. ಊರಿನ ಹೆಸರು ಬೇಡ. ಹೇಳಬೇಕಾದದ್ದಕ್ಕೆ ಹೆಸರಿನ ಅಗತ್ಯವೂ ಇಲ್ಲ. ಆ ಕೆಲಸದಲ್ಲಿ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪತ್ರ ಉದ್ದವಾದರೆ ನಿಮ್ಮ ಕತ್ತರಿ ಇದ್ದೇ ಇದೆ, ಆದರೆ ಲೆಕ್ಕದ ಭಾಗಕ್ಕೆ ಮಾತ್ರ ಕತ್ತರಿ ಹಾಕಬೇಡಿ.

ಟೈಮ್‌ಲ್ಯಾಪ್ಸ್ ಎಂದರೆ ಎಲ್ಲರೂ ಮೊಬೈಲಿನಲ್ಲಿ ನೋಡಿದ್ದೇ. ಮೋಡ ಓಡುತ್ತದೆ, ಹೂ ಅರಳುತ್ತದೆ, ಕಟ್ಟಡ ಏಳುತ್ತದೆ. ಕ್ಯಾಮೆರಾ ಒಂದೇ ಕಡೆ ನಿಂತು ಗೊತ್ತುಮಾಡಿದ ಹೊತ್ತಿಗೊಮ್ಮೆ ಒಂದು ಫೋಟೊ ತೆಗೆಯುತ್ತದೆ. ಆಮೇಲೆ ಆ ಫೋಟೊಗಳನ್ನು ಸಾಲಾಗಿ ಜೋಡಿಸಿ ಸೆಕೆಂಡಿಗೆ 25ರಂತೆ ಓಡಿಸಿದರೆ ವಿಡಿಯೊ. ನಾನು ಇಟ್ಟದ್ದು ಹತ್ತು ನಿಮಿಷಕ್ಕೊಂದು ಚಿತ್ರ, ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ. ಗಂಟೆಗೆ 6, ದಿನಕ್ಕೆ 60. ಹೀಗೆ 300 ದಿನ ಇಟ್ಟರೆ 18,000 ಚಿತ್ರ. ಎಲ್ಲವನ್ನೂ ಓಡಿಸಿದರೆ 12 ನಿಮಿಷ. ಆದರೆ ಉದ್ಘಾಟನೆಯ ದಿನ ವೇದಿಕೆಯ ಮೇಲೆ 12 ನಿಮಿಷ ಯಾರಿಗಿರುತ್ತದೆ? ಎರಡೇ ನಿಮಿಷ ಕೊಡಿ, ಜೊತೆಗೆ ಒಳ್ಳೆಯ ಮ್ಯೂಸಿಕ್ ಹಾಕಿ ಎಂದರು. ಎರಡು ನಿಮಿಷಕ್ಕೆ ಬೇಕಾಗುವುದು 3,000 ಚಿತ್ರ. ಉಳಿದವು 15,000.

ಆ 15,000 ಚಿತ್ರಗಳನ್ನು ಯಾರೂ ಕೇಳಲಿಲ್ಲ. ವಿಡಿಯೊ ಕೊಟ್ಟೆ, ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು, ನನ್ನ ಬಿಲ್ಲೂ ತಡವಾಗಿಯಾದರೂ ಬಂತು. ಮೂಲ ಚಿತ್ರಗಳ ಹಾರ್ಡ್‌ಡಿಸ್ಕ್ ಯಾರಿಗೆ ಕೊಡಲಿ ಎಂದು ಕಚೇರಿಯಲ್ಲಿ ಕೇಳಿದೆ. "ಇರ್ಲಿ ಬಿಡ್ರಿ, ವಿಡಿಯೊ ಐತಲ್ಲ" ಅಂದರು. ಅವರದೂ ತಪ್ಪಿಲ್ಲ. ಅವರ ಕಡತದಲ್ಲಿ ಇದ್ದದ್ದೇ "ವಿಡಿಯೊ, 1" ಎಂದು.

ಈಗ ಒಂದು ವೀರಗಲ್ಲಿನ ವಿಚಾರ. ಸಂಗ್ರಹಾಲಯ ಮತ್ತೆ ತೆರೆದು ವರ್ಷವಾದ ಮೇಲೆ ಧಾರವಾಡದಲ್ಲಿ ಸಂಶೋಧನೆ ಮಾಡುವ ಒಬ್ಬ ಹುಡುಗಿ ನನ್ನ ಸ್ಟುಡಿಯೊ ಹುಡುಕಿಕೊಂಡು ಬಂದಳು. ಅಲ್ಲಿಯ ಒಂದು ವೀರಗಲ್ಲಿನ ಮೇಲೆ ಆಕೆಯ ಕೆಲಸ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತದ್ದು, ಎಲ್ಲ ಸ್ಪಷ್ಟ. ಆಕೆಗೆ ಬೇಕಾದದ್ದು ಕಲ್ಲಿನ ಬೆನ್ನು. ಹಿಂದೆ ಆ ಕಲ್ಲು ಅಂಗಳದಲ್ಲಿ ಬೇವಿನ ಗಿಡದ ಬುಡದಲ್ಲಿ ಇತ್ತಂತೆ, ಬೆನ್ನಿಗೆ ಅಕ್ಷರ ಇದ್ದವೆಂದು ಊರಿನ ಹಿರಿಯರೊಬ್ಬರು ಹೇಳಿದರಂತೆ. ಈಗ ಅದನ್ನು ಗೋಡೆಗೆ ಬೆನ್ನು ಕೊಟ್ಟು ಸಿಮೆಂಟಿನ ಪೀಠದಲ್ಲಿ ನಿಲ್ಲಿಸಿದ್ದಾರೆ. ಗೋಡೆಗೂ ಕಲ್ಲಿಗೂ ನಡುವೆ ಬೆರಳು ಹೋಗುವುದಿಲ್ಲ. ಹಳೆಯ ದಾಖಲಾತಿ ಪುಸ್ತಕದಲ್ಲಿ ಬರೆದದ್ದು "ವೀರಗಲ್ಲು" ಎಂದಷ್ಟೇ.

ಕಲ್ಲು ಸಾಗಿಸಿದ ದಿನದ ಫೋಲ್ಡರ್ ತೆಗೆದೆ. ಆ ದಿನ ಹತ್ತು ನಿಮಿಷದ ಲೆಕ್ಕ ಸಾಲದೆಂದು ನಾನು ಐದು ಸೆಕೆಂಡಿಗೊಂದು ಚಿತ್ರ ಇಟ್ಟಿದ್ದೆ. ಅದು 18,000ದ ಲೆಕ್ಕಕ್ಕೆ ಹೊರಗಿನದು. ಚೈನ್ ಪುಲ್ಲಿಗೆ ಕಟ್ಟಿ ಕಲ್ಲನ್ನು ಎತ್ತಿದ್ದಾರೆ. ನೆಲ ಬಿಟ್ಟ ಮೇಲೆ ಅದು ತನ್ನ ಭಾರಕ್ಕೆ ನಿಧಾನ ತಿರುಗಿದೆ. ಒಬ್ಬ ಹಮಾಲ ಕೈಯಿಟ್ಟು ತಡೆಯುವಷ್ಟರಲ್ಲಿ ನಾಲ್ಕಾರು ಚಿತ್ರಗಳಲ್ಲಿ ಬೆನ್ನು ಪೂರಾ ಕ್ಯಾಮೆರಾದ ಕಡೆಗಿದೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದದ್ದರಿಂದ ಕೊರೆದ ಗೆರೆಗಳಲ್ಲಿ ನೆರಳು ನಿಂತಿದೆ. ಕಲ್ಲಿನ ಮೇಲ್ಭಾಗದಲ್ಲಿ ಅಡ್ಡಡ್ಡ ಸಾಲುಗಳು. ಓದುವಷ್ಟು ಸ್ಪಷ್ಟವಿಲ್ಲ, ಕ್ಯಾಮೆರಾ ಇದ್ದದ್ದು ದೂರದಲ್ಲಿ. ಆದರೆ ಬರಹ ಇದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಆಕೆ ಆ ಚಿತ್ರಗಳನ್ನು ದೊಡ್ಡದು ಮಾಡಿ, ಮತ್ತೆ ದೊಡ್ಡದು ಮಾಡಿ ನೋಡುತ್ತಲೇ ಇದ್ದಳು. ಚಹಾ ತರಿಸಿದ್ದು ಆರಿಹೋಯಿತು.

ಇವೇ ಚಿತ್ರಗಳನ್ನು ನಾನು ಎರಡು ನಿಮಿಷದ ವಿಡಿಯೊದಲ್ಲಿ ಸೇರಿಸಿ ತೋರಿಸಿದ್ದೆ. ಉಸ್ತುವಾರಿ ನೋಡುವವರಿಗೆ ಬೇಡವಾಯಿತು. ಹಗ್ಗ ಕಟ್ಟಿ ನೇತುಹಾಕಿದ್ದು ಚೆಂದ ಕಾಣುವುದಿಲ್ಲ, ಅದರ ಬದಲು ಮಂತ್ರಿಗಳು ಬಂದ ದಿನದ ಡ್ರೋನ್ ಶಾಟ್ ಹಾಕಿ ಎಂದರು. ಹಾಕಿದೆ. ಡ್ರೋನ್ ಶಾಟ್‌ನಲ್ಲಿ ತಲೆಗಳು ಚೆನ್ನಾಗಿ ಕಾಣುತ್ತವೆ.

ಮದುವೆ ಕೆಲಸದಲ್ಲಿ ಇದು ನಮಗೆಲ್ಲ ಗೊತ್ತಿರುವ ಸಂಗತಿ. ಜನ ದುಡ್ಡು ಕೊಡುವುದು ಮೂರು ನಿಮಿಷದ ಹೈಲೈಟಿಗೆ. ಹತ್ತು ವರ್ಷ ಬಿಟ್ಟು ಮನೆಯ ಹಿರಿಯರು ಯಾರೋ ತೀರಿಕೊಂಡಾಗ ಬಂದು ಕೇಳುವುದು ಎಡಿಟ್ ಮಾಡದ ಪೂರ್ತಿ ಟೇಪ್. ಅಜ್ಜ ಊಟದ ಪಂಕ್ತಿಯಲ್ಲಿ ಕೂತು ಏನೋ ಮಾತಾಡಿದ್ದು ಇದೆಯೇನ್ರಿ ಎಂದು. ಹೈಲೈಟಿನಲ್ಲಿ ಅಜ್ಜ ಇರುವುದಿಲ್ಲ.

ಕಟ್ಟಡದ ಕೆಲಸಕ್ಕೆ ಕ್ಯಾಮೆರಾ ನಿಲ್ಲಿಸುವುದು ಹೊಸ ವಿದ್ಯೆಯಲ್ಲ. 1901ರಲ್ಲಿ ನ್ಯೂಯಾರ್ಕ್‌ನ ಸ್ಟಾರ್ ಥಿಯೇಟರ್ ಎಂಬ ನಾಟಕ ಮಂದಿರವನ್ನು ಕೆಡವುವಾಗ ಎದುರಿನಲ್ಲಿ ಕ್ಯಾಮೆರಾ ಇಟ್ಟು, ದಿನಕ್ಕೆ ಎಂಟು ಗಂಟೆ, ನಾಲ್ಕು ನಿಮಿಷಕ್ಕೊಂದು ಚಿತ್ರದಂತೆ ಸುಮಾರು ಒಂದು ತಿಂಗಳು ತೆಗೆದರು. ತೋರಿಸುವವರು ಅದನ್ನು ಹಿಂದುಮುಂದಾಗಿಯೂ ಓಡಿಸಬಹುದಿತ್ತು. ಆಗ ಬಿದ್ದ ಕಟ್ಟಡ ತಾನಾಗಿ ಎದ್ದು ನಿಲ್ಲುತ್ತದೆ. ನೋಡುವವರಿಗೆ ಮೋಜು. ನನಗೆ ಮಾತ್ರ ಅದರಿಂದ ಒಂದು ಎಚ್ಚರ ಸಿಕ್ಕಿತು. ಓಡುವ ವಿಡಿಯೊವನ್ನು ಹೇಗೆ ಬೇಕಾದರೂ ತಿರುಗಿಸಬಹುದು, ಕತ್ತರಿಸಬಹುದು, ನಡುವಿನ ಮೂರು ತಿಂಗಳು ನುಂಗಬಹುದು. ತಾರೀಖು, ಗಂಟೆ ಹೊತ್ತ ಬಿಡಿ ಚಿತ್ರಗಳ ಸಾಲು ಇದ್ದರೆ ಹಾಗೆ ಮಾಡುವುದು ಕಷ್ಟ, ಮಾಡಿದರೂ ಸಿಕ್ಕಿಬೀಳುತ್ತದೆ.

ನಮ್ಮ ಭಾಗಕ್ಕೂ ಕ್ಯಾಮೆರಾದ ಋಣ ಹಳೆಯದು. 1850ರ ದಶಕದಲ್ಲಿ ಬಾಂಬೆ ಸರ್ಕಾರದ ಪರವಾಗಿ ಡಾಕ್ಟರ್ ಪಿಗೌ ಎಂಬಾತ ಈ ಸೀಮೆಯ ಗುಡಿಗಳ ಫೋಟೊ ತೆಗೆದ. ಕರ್ನಲ್ ಬಿಗ್ಸ್, ನೀಲ್ ಎಂಬ ಇನ್ನಿಬ್ಬರ ಚಿತ್ರಗಳೊಡನೆ ಅವು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಆಗ ಒಂದೊಂದು ಚಿತ್ರಕ್ಕೂ ಮುಕ್ಕಾಲಿ, ಪೆಟ್ಟಿಗೆ, ರಾಸಾಯನಿಕ ಎಲ್ಲ ಹೊತ್ತು ಚಕ್ಕಡಿ ದಾರಿಯಲ್ಲಿ ಬರಬೇಕಿತ್ತು. ಅಷ್ಟು ಕಷ್ಟಪಟ್ಟು ತೆಗೆದದ್ದರಿಂದಲೇ ಇವತ್ತು ಲಕ್ಕುಂಡಿಯ ಕಾಶಿವಿಶ್ವನಾಥನ ಬಾಗಿಲ ಮುಂದೆ ನಿಂತು ಅಂದು ಏನಿತ್ತು, ಇಂದು ಏನಿದೆ ಎಂದು ಹೋಲಿಸಬಹುದು. ಪಿಗೌನ ಕ್ಯಾಮೆರಾಕ್ಕೆ ಒಂದು ನೋಟ ಸಿಗುವುದೇ ದುಸ್ತರವಾಗಿತ್ತು. ನಮಗೆ ವರ್ಷಕ್ಕೆ 18,000 ನೋಟ ಒಂದು ಸಣ್ಣ ಹಾರ್ಡ್‌ಡಿಸ್ಕಿನ ಮೂಲೆಯಲ್ಲಿ ಕೂರುತ್ತವೆ. ಒಂದು ಚಿತ್ರ 5 ಎಂಬಿ ಎಂದು ಹಿಡಿದರೂ 90 ಜಿಬಿ. ಇವತ್ತಿನ ಮದುವೆಯೊಂದರ ವಿಡಿಯೊ ಇದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ.

ಇನ್ನು ಇದನ್ನು ಮಾಡುವವರಿಗೆ, ಅಂದರೆ ನಾಳೆ ನನ್ನಂಥ ಯಾರೋ ಸ್ಟುಡಿಯೊದವನಿಗೆ, ನಾಲ್ಕು ಮಾತು. ನಮ್ಮ ಕಡೆ ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರಲ್ಲಿ ಎರಡು ಅಡಿ ತಗ್ಗು ತೋಡಿ ಕಬ್ಬಿಣದ ಕಂಬ ನೆಟ್ಟು ಕ್ಯಾಮೆರಾ ಕಟ್ಟಿದರೆ, ಮೊದಲ ದೊಡ್ಡ ಮಳೆಗೇ ಕಂಬ ತಲೆಬಾಗಿಸುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಚಿತ್ರಗಳನ್ನು ಓಡಿಸಿದಾಗ ಕಟ್ಟಡವೇ ಕುಡಿದು ನಿಂತಂತೆ ವಾಲುತ್ತದೆ. ಆದ್ದರಿಂದ ಕಂಬದ ಆಸೆ ಬಿಟ್ಟು ಎದುರಿನ ಗಟ್ಟಿ ಕಟ್ಟಡದ ಗೋಡೆಗೇ ಕ್ಲ್ಯಾಂಪ್ ಹಾಕಿದೆ. ಲಕ್ಕುಂಡಿಯ ಸುತ್ತಲೂ ಇದೇ ಮಣ್ಣು. ಅಲ್ಲಿ ಬಯಲಲ್ಲೇ ಕಂಬ ಬೇಕಾದರೆ ಇಂಜಿನಿಯರರನ್ನು ಕೇಳಿ ಆಳದ ಪಾಯ ಹಾಕಿಸಬೇಕು. ಗದುಗಿನ ಗಾಳಿಯ ಬಗ್ಗೆ ಹೇಳುವುದೇ ಬೇಡ, ಕಪ್ಪತಗುಡ್ಡದ ಮೇಲೆ ಅಷ್ಟು ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ.

ಎರಡನೆಯದು ಮಿಣುಕು. ಬೆಳಕಿನ ಲೆಕ್ಕವನ್ನು ಕ್ಯಾಮೆರಾ ತಾನೇ ನೋಡಿಕೊಳ್ಳಲಿ ಎಂದು ಆಟೋ ಮೋಡಿನಲ್ಲಿ ಬಿಟ್ಟರೆ ಒಂದು ಚಿತ್ರ ಒಂದು ಚೂರು ಬೆಳ್ಳಗೆ, ಮುಂದಿನದು ಒಂದು ಚೂರು ಕಪ್ಪಗೆ. ಓಡಿಸಿದಾಗ ದೀಪ ಹತ್ತಿ ಆರಿದ ಹಾಗೆ. ಬಣ್ಣ ಸರಿದೂಗಿಸುವ ಬಿಳುಪಿನ ಲೆಕ್ಕವನ್ನೂ (ವೈಟ್ ಬ್ಯಾಲೆನ್ಸ್) ಕ್ಯಾಮೆರಾಕ್ಕೇ ಬಿಡಬಾರದು. ಮೇಸ್ತ್ರಿ ಒಂದು ನೀಲಿ ತಾಡಪಾಲು ಹೊದಿಸಿದರೆ ಸಾಕು, ಆ ದಿನದ ಕಲ್ಲುಗಳೆಲ್ಲ ಹಳದಿಗೆ ತಿರುಗಿರುತ್ತವೆ. ಇವೆರಡನ್ನೂ ಕೈಯಿಂದಲೇ ಕಟ್ಟಿಹಾಕಿದ ಮೇಲೂ ಸ್ವಲ್ಪ ಮಿಣುಕು ಉಳಿಯುತ್ತದೆ, ಅದು ಲೆನ್ಸಿನದು. ಈಗಿನ ಲೆನ್ಸುಗಳು ಪ್ರತಿ ಚಿತ್ರಕ್ಕೂ ಬೆಳಕು ಬಿಡುವ ಒಳಗಿನ ಪರದೆಯನ್ನು (ಅಪರ್ಚರ್) ಮುಚ್ಚಿ ತೆರೆಯುತ್ತವೆ, ಎರಡು ಸಲವೂ ಕರಾರುವಾಕ್ಕಾಗಿ ಅಷ್ಟೇ ಮುಚ್ಚುತ್ತವೆಂಬ ಖಾತ್ರಿಯಿಲ್ಲ. ನನ್ನ ಹತ್ತಿರ ರೀಲಿನ ಕಾಲದ ಒಂದು 28 ಎಂಎಂ ಲೆನ್ಸ್ ಇತ್ತು, ಅಪರ್ಚರ್ ಬಳೆಯನ್ನು ಕೈಯಿಂದ ತಿರುಗಿಸುವಂಥದ್ದು. ಅಡಾಪ್ಟರ್ ಹಾಕಿ ಎಫ್ 8ಕ್ಕೆ ಇಟ್ಟು ಟೇಪ್ ಸುತ್ತಿಬಿಟ್ಟೆ. ಕೆಲಸ ಮುಗಿಯುವ ತನಕ ಅಲುಗಲಿಲ್ಲ. ಹೊಸ ಲೆನ್ಸ್ ಕೊಳ್ಳುವ ಮುಂಚೆ ಹಳೆಯ ಕಪಾಟು ನೋಡಿ.

ಇನ್ನೊಂದು ಯಾರೂ ಹೇಳದ ಮಾತು. ಸಾಮಾನ್ಯವಾಗಿ ಕ್ಯಾಮೆರಾ ಚಿತ್ರಗಳಿಗೆ 9999ರವರೆಗೆ ನಂಬರು ಕೊಟ್ಟು ಮತ್ತೆ ಒಂದರಿಂದ ಶುರು ಮಾಡುತ್ತದೆ. 18,000 ಚಿತ್ರಗಳಲ್ಲಿ ಸಾವಿರಾರಕ್ಕೆ ಒಂದೇ ಹೆಸರು ಬೀಳುತ್ತದೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದರೆ ಹೊಸದು ಹಳೆಯದರ ಮೇಲೆ ಕೂತು ಅದನ್ನು ಅಳಿಸಬಹುದು, ಅಳಿಸಿದ್ದು ಗೊತ್ತೂ ಆಗುವುದಿಲ್ಲ. ದಿನಕ್ಕೊಂದು ಫೋಲ್ಡರ್, ಅದಕ್ಕೆ ತಾರೀಖೇ ಹೆಸರು. ಕ್ಯಾಮೆರಾದ ಗಡಿಯಾರವೂ ಮೆಲ್ಲಗೆ ಹಿಂದೆಮುಂದೆ ಸರಿಯುತ್ತದೆ. ತಿಂಗಳಿಗೊಮ್ಮೆ ಮೊಬೈಲಿನ ಗಡಿಯಾರಕ್ಕೆ ಹೊಂದಿಸಬೇಕು. ಜೇಡ ಬಲೆ ಕಟ್ಟುವುದು, ಪೆಟ್ಟಿಗೆಯ ಗಾಜಿಗೆ ಧೂಳು ಕೂರುವುದು, ಕಣಜದ ಹುಳ ಗೂಡು ಮಾಡುವುದು, ಇವಕ್ಕೆಲ್ಲ ಒಂದೇ ಮದ್ದು: ಯಾರಾದರೂ ವಾರಕ್ಕೊಮ್ಮೆ ಏಣಿ ಹತ್ತುವುದು.

ಎಲ್ಲಕ್ಕಿಂತ ಮುಖ್ಯವಾದದ್ದು ಎಷ್ಟು ಹೊತ್ತಿಗೊಂದು ಚಿತ್ರ ಎಂಬುದು. ಗೋಡೆ ಏಳುವುದಕ್ಕೆ ಹತ್ತು ನಿಮಿಷ ಸಾಕು, ಅರ್ಧ ಗಂಟೆಯಾದರೂ ನಡೆದೀತು. ಆದರೆ ಒಂದು ಟನ್ನಿನ ಕಲ್ಲು ಎತ್ತಿ ಇಳಿಸುವುದು ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಹತ್ತು ನಿಮಿಷಕ್ಕೊಂದು ಚಿತ್ರವಾದರೆ ಒಂದರಲ್ಲಿ ಕಲ್ಲು ಇಲ್ಲಿ, ಇನ್ನೊಂದರಲ್ಲಿ ಅಲ್ಲಿ. ನಡುವೆ ಏನಾಯಿತೋ ದೇವರೇ ಬಲ್ಲ. ಲಕ್ಕುಂಡಿಯ ಕಲ್ಲು ಬಹುಪಾಲು ಬಳಪದ ಜಾತಿಯದು. ಅತ್ತಿಮಬ್ಬೆ 1007ರ ಸುಮಾರಿಗೆ ಕಟ್ಟಿಸಿದ ಬ್ರಹ್ಮಜಿನಾಲಯದಿಂದ ಹಿಡಿದು ಅಲ್ಲಿಯ ಕುಸುರಿಯೆಲ್ಲ ಅಷ್ಟು ನಾಜೂಕಾಗಿ ಬಂದದ್ದೇ ಕಲ್ಲು ಮೆದುವಾದ್ದರಿಂದ. ಮೆದು ಎಂದರೆ ಉಳಿಗೆ ಮಾತ್ರವಲ್ಲ, ಕಬ್ಬಿಣದ ಸರಪಳಿಗೂ ಮೆದು. ಗೋಣಿಚೀಲ ಸುತ್ತದೆ ಸರಪಳಿ ಹಾಕಿದರೆ ಅಂಚು ಹಾರಿಹೋಗುತ್ತದೆ. ಹಾರಿದ್ದು ನಿನ್ನೆಯೋ ಸಾವಿರ ವರ್ಷದ ಹಿಂದೆಯೋ ಎಂಬುದಕ್ಕೆ ಐದು ಸೆಕೆಂಡಿನ ಚಿತ್ರ ಮಾತ್ರ ಉತ್ತರ ಕೊಡುತ್ತದೆ. ಎತ್ತುವ ಮುಂಚೆ ಪ್ರತಿ ಕಲ್ಲಿಗೂ ಅದರ ದಾಖಲಾತಿ ನಂಬರನ್ನು ದಪ್ಪಗೆ ಬರೆದ ಹಲಗೆ ತೂಗುಹಾಕಬೇಕು, ಪಕ್ಕದಲ್ಲಿ ಕೆಂಪು ಬಿಳಿ ಪಟ್ಟೆಯ ಅಳತೆ ಕೋಲು ಇಡಬೇಕು. ಉತ್ಖನನದವರಿಗೆ ಇದು ಹೊಸದಲ್ಲ. ಕಟ್ಟಡದ ಗುತ್ತಿಗೆದಾರರಿಗೆ ಹೊಸದು.

ಕೆಲಸ ನಿಂತ ದಿನಗಳ ಬಗ್ಗೆಯೂ ಹೇಳಲೇಬೇಕು. ನಾನು ಕ್ಯಾಮೆರಾ ಇಟ್ಟ ಕಡೆ ಆಷಾಢಕ್ಕೆ ನಿಂತ ಕೆಲಸ ದೀಪಾವಳಿ ಹತ್ತಿರ ಬಂದಾಗ ಮತ್ತೆ ಶುರುವಾಯಿತು. ಬಿಲ್ ಆಗಿಲ್ಲ ಎಂದು ಒಬ್ಬರು, ಮಳೆ ಎಂದು ಇನ್ನೊಬ್ಬರು. ಕ್ಯಾಮೆರಾಕ್ಕೆ ಕಾರಣ ಗೊತ್ತಿಲ್ಲ, ಅದು ತನ್ನ ಪಾಡಿಗೆ ತೆಗೆಯುತ್ತಲೇ ಇತ್ತು. ಅಂಗಳದ ಉಸುಕಿನ ಗುಡ್ಡೆ ಮೊದಲು ಬೋಳಾಗಿದೆ. ಶ್ರಾವಣದ ಜಿಟಿಜಿಟಿಗೆ ಅದರ ನೆತ್ತಿಯ ಮೇಲೆ ಹಸಿರು ಕಾಣುತ್ತದೆ. ಹುಲ್ಲು ಮೊಣಕಾಲುದ್ದ ಬೆಳೆಯುತ್ತದೆ. ಒಂದು ಮಧ್ಯಾಹ್ನ ಎರಡು ಆಡು ಬಂದು ಅದನ್ನು ನುಣ್ಣಗೆ ಮೇಯುತ್ತವೆ. ಇಷ್ಟೂ ಹೊತ್ತು ಗುಡ್ಡೆಯ ಆಚೆ, ತಾಡಪಾಲು ಹಾರಿಹೋದ ಜಾಗದಲ್ಲಿ, ಮೂರು ಮೂರ್ತಿಗಳು ಮಳೆಯಲ್ಲಿ ಅಂಗಾತ ಮಲಗಿವೆ. ವಿಡಿಯೊದಲ್ಲಿ ಇದೆಲ್ಲ ಇಲ್ಲ. ಅದರಲ್ಲಿ ಒಂದು ಸೆಕೆಂಡಿಗೆ ಪಾಯ, ಮರುಸೆಕೆಂಡಿಗೆ ಸ್ಲ್ಯಾಬು.

ತಡವಾದದ್ದನ್ನು ಮುಚ್ಚಿಡಬೇಕಾಗಿಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ 2003ರಲ್ಲಿ ದುರಸ್ತಿಗೆಂದು ಮುಖ್ಯ ಕಟ್ಟಡದ ಬಾಗಿಲು ಹಾಕಿತು, ತೆರೆದದ್ದು 2013ರ ಏಪ್ರಿಲಿನಲ್ಲಿ. ಅಂದುಕೊಂಡದ್ದಕ್ಕಿಂತ ವರ್ಷಗಟ್ಟಲೆ ತಡ. ಕಟ್ಟಡದ ಕೆಳಗೆ ಹಾದುಹೋಗುವ ಸೈಕಲ್ ದಾರಿಯನ್ನು ಉಳಿಸಬೇಕೋ ಬೇಡವೋ ಎಂಬ ತಕರಾರೂ ಅದರಲ್ಲಿ ಸೇರಿತ್ತು. ಆ ವರ್ಷಗಳಲ್ಲಿ ನಿರ್ದೇಶಕಿಯೊಬ್ಬರು ಒಳಗೆ ಓಡಾಡಿ ಜಗಳ, ಸಭೆ, ಖಾಲಿ ಕೋಣೆ ಎಲ್ಲವನ್ನೂ ಚಿತ್ರೀಕರಿಸಿದರು, ಅದನ್ನು ಜನರಿಗೆ ತೋರಿಸಿದರು. ಮ್ಯೂಸಿಯಂನ ಮಾನ ಹೋಗಲಿಲ್ಲ.

ಸಿಸಿಟಿವಿ ಇರುತ್ತದಲ್ಲ, ಇನ್ನೊಂದು ಕ್ಯಾಮೆರಾ ಯಾಕೆ ಎಂದು ಕೇಳುವವರಿದ್ದಾರೆ. ಸಿಸಿಟಿವಿ ಕಳ್ಳರಿಗೆ. ಅದರ ಡಬ್ಬಿಯಲ್ಲಿ ಜಾಗ ತುಂಬಿದ ಕೂಡಲೇ ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಬರೆಯುತ್ತದೆ, ಸಾಮಾನ್ಯವಾಗಿ ಹದಿನೈದು ದಿನವೋ ತಿಂಗಳೋ. ಚಿತ್ರವನ್ನೂ ಹಿಂಡಿ ಹಿಪ್ಪೆ ಮಾಡಿ ಇಡುತ್ತದೆ. ಅದರಲ್ಲಿ ವೀರಗಲ್ಲಿನ ಬೆನ್ನು ಹುಡುಕುವಂತಿಲ್ಲ.

ಕ್ಯಾಮೆರಾ ಇಟ್ಟ ಮೇಲೆ ಅದರಲ್ಲಿ ಬೀಳುವ ಜನರ ಹೊಣೆಯೂ ನಮ್ಮದೇ. ಗುತ್ತಿಗೆದಾರರ ಕಡೆಯ ಒಬ್ಬರು ಒಂದು ಶನಿವಾರ ಬಂದು, ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತು ಕೂತರು ನೋಡಬೇಕು, ಚಿತ್ರ ತೋರಿಸು ಎಂದರು. ಪಗಾರ ಹಿಡಿಯುವ ಲೆಕ್ಕ. ನಾನು ಕೊಡಲಿಲ್ಲ. ಅದಕ್ಕೆಂದು ಇಟ್ಟ ಕ್ಯಾಮೆರಾ ಅಲ್ಲ, ಹಾಗೆ ಬೇಕಾದರೆ ಬರಹದಲ್ಲಿ ಕೇಳಿ ಎಂದೆ, ಬರಹ ಬರಲಿಲ್ಲ. ಒಂದು ಮೂಲೆಯ ನೆರಳಲ್ಲಿ ಹೆಣ್ಣುಮಕ್ಕಳು ಬುತ್ತಿ ಬಿಚ್ಚುತ್ತಿದ್ದರು, ಕೂಸಿಗೆ ಹಾಲು ಕುಡಿಸುತ್ತಿದ್ದರು. ಆ ಮೂಲೆ ಫ್ರೇಮಿನಲ್ಲಿ ಬಾರದಂತೆ ಕ್ಯಾಮೆರಾವನ್ನು ಮೊದಲೇ ಸ್ವಲ್ಪ ತಿರುಗಿಸಿದ್ದೆ. ಗೇಟಿನ ಹತ್ತಿರ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ ಹಾಕಬೇಕು: ಇಲ್ಲಿ ಕ್ಯಾಮೆರಾ ಇದೆ, ಇದು ಇಂಥದ್ದಕ್ಕೆ. ಗೌಂಡಿಗಳಿಗೆ ಇದು ಬೇಡವಾಗಿರಲಿಲ್ಲ ಎಂಬುದನ್ನೂ ಹೇಳುತ್ತೇನೆ. ಬಾಗಿಲ ಮೇಲಿನ ಕಮಾನು ಕಟ್ಟಿದವರು ಆ ವಾರದ ಚಿತ್ರಗಳನ್ನು ಮೊಬೈಲಿಗೆ ಹಾಕಿಸಿಕೊಂಡು ಹೋದರು. ಉದ್ಘಾಟನೆಯ ಫಲಕದಲ್ಲಿ ಹೆಸರುಗಳಿವೆ, ಅವರದಿಲ್ಲ.

ನಮ್ಮ ಕಡೆ ನೋಡುವಂಥ ಸಂಗ್ರಹಾಲಯಗಳಿಗೆ ಬರವಿಲ್ಲ. 1939ರಲ್ಲಿ ಶುರುವಾದ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯ ಶಿಲ್ಪಗಳಿವೆ, ಲಕ್ಕುಂಡಿಯಲ್ಲೇ ಬ್ರಹ್ಮಜಿನಾಲಯದ ಪಕ್ಕ ಪುರಾತತ್ವ ಇಲಾಖೆಯ ಶಿಲ್ಪಶಾಲೆ ಇದೆ, ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲ್ವೆಯವರದೂ ತೆರೆಯಿತು. ಒಂದಲ್ಲ ಒಂದು ದಿನ ಇವೆಲ್ಲಕ್ಕೂ ಸುಣ್ಣಬಣ್ಣ, ದುರಸ್ತಿ, ಜಾಗ ಬದಲಾವಣೆ ಬಂದೇ ಬರುತ್ತದೆ. ಆಗ ಯಾರೋ ಒಬ್ಬರಿಗೆ ಹೊಳೆದು ಕ್ಯಾಮೆರಾ ಇಡಲಿ ಎಂದು ಕಾಯುವುದಕ್ಕಿಂತ ಟೆಂಡರ್ ಕಾಗದದಲ್ಲೇ ಒಂದು ಸಾಲು ಬರೆಯುವುದು ಒಳ್ಳೆಯದು. ಮೊದಲ ಕಲ್ಲು ಅಲುಗುವ ಮುಂಚೆ ಕ್ಯಾಮೆರಾ ನಿಲ್ಲಬೇಕು, ಕೆಲಸ ನಿಂತರೂ ಕ್ಯಾಮೆರಾ ನಿಲ್ಲಬಾರದು, ಎಲ್ಲ ಚಿತ್ರಗಳನ್ನೂ ಎರಡು ಪ್ರತಿಯಲ್ಲಿ ಇಲಾಖೆಗೆ ಒಪ್ಪಿಸಿದ ಮೇಲೆಯೇ ಕೊನೆಯ ಬಿಲ್. ಎರಡು ಪ್ರತಿ ಬೇರೆ ಬೇರೆ ಊರಲ್ಲಿ ಇರಲಿ. ಹಾರ್ಡ್‌ಡಿಸ್ಕ್ ಕಲ್ಲಲ್ಲ, ಕಪಾಟಿನಲ್ಲಿ ಸುಮ್ಮನೆ ಇದ್ದರೂ ಕೆಲವೇ ವರ್ಷಗಳಲ್ಲಿ ಸಾಯಬಹುದು. ಆಗಾಗ ಹೊಸದಕ್ಕೆ ನಕಲು ಮಾಡಬೇಕು. ಇದಕ್ಕೆಲ್ಲ ಆಗುವ ಖರ್ಚು ಉದ್ಘಾಟನೆಯ ಪೆಂಡಾಲಿನ ಖರ್ಚಿಗಿಂತ ಕಡಿಮೆ ಎಂದು ಪೆಂಡಾಲಿನವರನ್ನೂ ಬಲ್ಲ ನಾನು ಹೇಳಬಲ್ಲೆ.

ಆ ಚಿಕ್ಕ ಸಂಗ್ರಹಾಲಯದ ಎಲ್ಲ ಚಿತ್ರಗಳೂ ನನ್ನ ಹತ್ತಿರ ಇವೆ. ದಿನಕ್ಕೊಂದು ಫೋಲ್ಡರಿನಂತೆ, ಎರಡು ಹಾರ್ಡ್‌ಡಿಸ್ಕಿನಲ್ಲಿ. ಮಳೆಯಲ್ಲಿ ಮಲಗಿದ ಮೂರ್ತಿಗಳೂ ಇವೆ, ಆಡುಗಳೂ ಇವೆ. ನನಗೆ ವಯಸ್ಸಾಗುತ್ತಿದೆ, ಮಗ ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾನೆ, ಸ್ಟುಡಿಯೊ ನನ್ನ ನಂತರ ನಡೆಯುವುದಿಲ್ಲ. ಸಂಬಂಧಪಟ್ಟವರು ಬಂದರೆ ಒಂದು ಪೈಸೆ ತೆಗೆದುಕೊಳ್ಳದೆ ಕೊಡುತ್ತೇನೆ. ಷರತ್ತು ಒಂದೇ. ತೆಗೆದುಕೊಂಡು ಹೋಗಿ ಮೇಜಿನ ಖಾನೆಯಲ್ಲಿ ಹಾಕುವಂತಿಲ್ಲ. ಮೂರ್ತಿ, ಶಾಸನ, ನಾಣ್ಯಗಳನ್ನು ಬರೆಯುವ ಅದೇ ದಾಖಲಾತಿ ಪುಸ್ತಕದಲ್ಲಿ ಇದಕ್ಕೂ ಒಂದು ನಂಬರು ಕೊಟ್ಟು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನ ಎಷ್ಟು ಚಿತ್ರಗಳು ಎಂದು ಬರೆದು, ಆ ಪುಟದ ಝೆರಾಕ್ಸ್ ನನಗೆ ಕೊಡಬೇಕು.

ಇತಿ ತಮ್ಮ ವಿಶ್ವಾಸಿ,
ಫೋಟೊ ಸ್ಟುಡಿಯೊದ ಒಬ್ಬ ಹಳೆಯ ಓದುಗ,
ಬೆಟಗೇರಿ, ಗದಗ